ಎಲೆ ಹಳದಿಯಾದರೆ ಯೂರಿಯಾ ಒಂದೇ ಮದ್ದಲ್ಲ

ಬ್ರೂಕ್‌ಫೀಲ್ಡ್‌ನ ಒಂದು ಮನೆಯ ತಾರಸಿಯಲ್ಲಿ ಹನ್ನೆರಡು ಡ್ರಮ್ಮುಗಳಲ್ಲಿ ಕರಿಬೇವು, ಟೊಮ್ಯಾಟೊ ಮತ್ತು ಗುಲಾಬಿ ಗಿಡಗಳಿದ್ದವು. ಮನೆಯ ಯಜಮಾನರು ಹಿಂದೆ ಕುಂದಲಹಳ್ಳಿಯ ಕಡೆ ರಾಗಿ, ತರಕಾರಿ ಬೆಳೆದವರು. ಹೊಲವಿದ್ದಲ್ಲಿ ಕಟ್ಟಡಗಳು ಎದ್ದ ಮೇಲೆ ಅವರ ಪಾಲಿಗೆ ಉಳಿದ ಬೇಸಾಯವೆಂದರೆ ಈ ತಾರಸಿ ಮಾತ್ರ. "ಎಲೆ ಹಳದಿಯಾಯ್ತು ಸಾರ್, ಯೂರಿಯಾ ಹಾಕಿದೆ. ಇನ್ನೂ ಹಳದಿಯಾಯ್ತು, ಇನ್ನೊಂದು ಹಿಡಿ ಹಾಕಿದೆ. ನಾಲ್ಕು ಗಿಡ ಹೋದವು. ನಲವತ್ತು ವರ್ಷ ಆರಂಭ ಮಾಡಿದವನಿಗೆ ಒಂದು ಕರಿಬೇವು ಉಳಿಸಿಕೊಳ್ಳೋಕೆ ಆಗಲಿಲ್ಲ" ಎಂದರು.

ಅವರ ಬೇಸಾಯದ ಅನುಭವದಲ್ಲಿ ಕೊರತೆ ಇರಲಿಲ್ಲ. ಹೊಲದಲ್ಲಿ ಹಳದಿ ಎಲೆಗೆ ಬಹುಮಟ್ಟಿಗೆ ಸಾರಜನಕವೇ ಕಾರಣ. ಡ್ರಮ್ಮಿನ ಮಣ್ಣಿನ ಕಥೆ ಬೇರೆ. ಗಿಡದ ಬುಡದಲ್ಲಿ ಆಹಾರವಿದ್ದೂ ಗಿಡ ಅದನ್ನು ಉಣ್ಣಲಾರದ ಸ್ಥಿತಿ ಅಲ್ಲಿ ಉಂಟಾಗಿತ್ತು.

ಮೊದಲು ನೋಡಬೇಕಾದದ್ದು: ಹಳೆಯ ಎಲೆಯೋ, ಹೊಸ ಎಲೆಯೋ?

ಸಾರಜನಕ, ರಂಜಕ, ಪೊಟ್ಯಾಷ್ ಮತ್ತು ಮೆಗ್ನೀಷಿಯಂ ಗಿಡದೊಳಗೆ ಸಂಚರಿಸಬಲ್ಲ ಪೋಷಕಾಂಶಗಳು. ಇವು ಸಾಲದಾದಾಗ ಗಿಡವು ಹಳೆಯ ಎಲೆಗಳಿಂದ ಹಿಂತೆಗೆದು ಕುಡಿಗೆ ಕಳುಹಿಸುತ್ತದೆ. ಮನೆಯಲ್ಲಿ ಹಿರಿಯರು ಅರೆಹೊಟ್ಟೆಯಲ್ಲಿದ್ದು ಮಕ್ಕಳಿಗೆ ಬಡಿಸಿದಂತೆ. ಆದ್ದರಿಂದ ಇವುಗಳ ಕೊರತೆ ಕೆಳಗಿನ ಎಲೆಗಳಲ್ಲಿ ಮೊದಲು ಕಾಣುತ್ತದೆ. ಎಲೆ ಪೂರ್ತಿ ಒಂದೇ ಸಮನೆ ಹಳದಿಯಾದರೆ ಸಾರಜನಕ, ಅಂಚು ಸುಟ್ಟಂತಾದರೆ ಪೊಟ್ಯಾಷ್, ನರ ಹಸಿರಾಗಿಯೇ ಇದ್ದು ನಡುವಿನ ಭಾಗ ಹಳದಿಯಾದರೆ ಮೆಗ್ನೀಷಿಯಂ ಎಂದು ಸಂಶಯಪಡಬೇಕು. ಟೊಮ್ಯಾಟೊ ಎಲೆಯ ತಳ ನೇರಳೆ ಬಣ್ಣಕ್ಕೆ ತಿರುಗಿದರೆ ರಂಜಕದ ಕೊರತೆ ಇರಬಹುದು. ಆದರೆ ಚಳಿಗಾಲದ ಎಳೆ ಸಸಿಗಳಲ್ಲಿ ಈ ಬಣ್ಣ ತಾನಾಗಿಯೇ ಬಂದು ಹೋಗುವುದುಂಟು.

ಕಬ್ಬಿಣ, ಬೋರಾನ್, ಕ್ಯಾಲ್ಸಿಯಂ ಒಮ್ಮೆ ಎಲೆ ಸೇರಿದರೆ ಅಲ್ಲಿಂದ ಸುಲಭವಾಗಿ ಕದಲವು. ಇವುಗಳ ಕೊರತೆ ಚಿಗುರಿನಲ್ಲೇ ತೋರುತ್ತದೆ. ಕುಡಿಯ ಎಲೆ ನಿಂಬೆ ಹಳದಿಯಾಗಿ, ನರಗಳು ಮಾತ್ರ ಹಸಿರು ದಾರದ ಬಲೆಯಂತೆ ಉಳಿದರೆ ಅದು ಕಬ್ಬಿಣದ ಕೊರತೆ. ಟೊಮ್ಯಾಟೊ ಕಾಯಿಯ ತುದಿ ಕಪ್ಪಾಗಿ ಕುಸಿಯುವುದು ಕ್ಯಾಲ್ಸಿಯಂ ಕೊರತೆಯಿಂದಾದರೂ, ಒಂದು ದಿನ ಒಣಗಿಸಿ ಮರುದಿನ ತುಂಬಿಸುವ ನೀರಿನ ಕ್ರಮವೇ ಸಾಮಾನ್ಯವಾಗಿ ಅದಕ್ಕೆ ಮೂಲ.

ಯಜಮಾನರ ಕರಿಬೇವಿನಲ್ಲಿ ಹಳೆಯ ಎಲೆ ಹಸಿರು, ಚಿಗುರು ಹಳದಿ. ಸಾರಜನಕದ ಹಸಿವಾಗಿದ್ದರೆ ಇದು ತಿರುಗುಮುರುಗಾಗಿರಬೇಕಿತ್ತು.

ರಸಸಾರದ ಮಾತು

ರಸಸಾರ 7 ಇದ್ದರೆ ಮಣ್ಣು ತಟಸ್ಥ, ಕೆಳಗಾದರೆ ಹುಳಿ, ಮೇಲಾದರೆ ಕ್ಷಾರ. 1909ರಲ್ಲಿ ಡೆನ್ಮಾರ್ಕಿನ ಸೋರೆನ್ಸೆನ್ ಎಂಬ ವಿಜ್ಞಾನಿ ಬಿಯರ್ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ರೂಪಿಸಿದ ಅಳತೆ ಇದು. ಇದರಲ್ಲಿ ಒಂದು ಅಂಕಿಯ ವ್ಯತ್ಯಾಸವೆಂದರೆ ಹತ್ತು ಪಟ್ಟು ವ್ಯತ್ಯಾಸ. ತರಕಾರಿಗಳಿಗೆ ಸಾಮಾನ್ಯವಾಗಿ 6ರಿಂದ 7ರವರೆಗೆ ಹಿತ. 7.5 ದಾಟಿದಂತೆ ಕಬ್ಬಿಣ, ಸತು, ಮ್ಯಾಂಗನೀಸ್ ಮಣ್ಣಿನಲ್ಲಿದ್ದರೂ ಕರಗದೆ ಬೇರಿಗೆ ಎಟುಕುವುದಿಲ್ಲ.

ಬೆಂಗಳೂರಿನ ಕೆಂಪು ಮಣ್ಣು ಸಹಜವಾಗಿ ತುಸು ಹುಳಿಯ ಕಡೆಗೇ ಇರುವಂಥದು. ಹಾಗಾದರೆ ಕ್ಷಾರ ಎಲ್ಲಿಂದ ಬಂತು? ಡ್ರಮ್ಮಿಗೆ ತುಂಬಿದ್ದು ಪಕ್ಕದ ಕಟ್ಟಡದ ಪಾಯದ ಮಣ್ಣು. ಅದರಲ್ಲಿ ಗಾರೆಯ ಚೂರು, ಸಿಮೆಂಟಿನ ಪುಡಿ ಬೆರೆತಿತ್ತು. ಮೇಲೆ ಹೊಯ್ದದ್ದು ಟ್ಯಾಂಕರಿನಲ್ಲಿ ಬಂದ ಕೊಳವೆ ಬಾವಿಯ ಗಡಸು ನೀರು. ಡ್ರಮ್ಮಿನ ಅಂಚಿನಲ್ಲಿ ಬಿಳಿ ಪಟ್ಟೆ ಕಟ್ಟಿದ್ದೇ ಅದಕ್ಕೆ ಸಾಕ್ಷಿ. ಮನೆಯವರು ಕುಡಿಯುವ ನೀರಿನ ಯಂತ್ರದಿಂದ ಹೊರಬೀಳುವ ನೀರನ್ನೂ ಪೋಲಾಗಬಾರದೆಂದು ಗಿಡಕ್ಕೇ ಹಾಕುತ್ತಿದ್ದರು. ಉದ್ದೇಶ ಒಳ್ಳೆಯದೇ, ಆದರೆ ಯಂತ್ರ ಬೇರ್ಪಡಿಸಿದ ಲವಣವೆಲ್ಲ ಆ ನೀರಿನಲ್ಲೇ ಇರುತ್ತದೆ. ಅದನ್ನು ನೆಲ ಒರೆಸಲು ಬಳಸಿ. ನೀರು ಮೆದುಗೊಳಿಸುವ ಯಂತ್ರದ ನೀರೂ ಕುಂಡಕ್ಕೆ ಬೇಡ. ಅದರಲ್ಲಿ ಸುಣ್ಣದ ಬದಲಿಗೆ ಸೋಡಿಯಂ ಸೇರಿ ಮಣ್ಣಿನ ರಚನೆ ಕೆಡುತ್ತದೆ. ಇಷ್ಟರ ಮೇಲೆ ಯೂರಿಯಾ ಬಿದ್ದರೆ ಬೇರು ಸುಡದೆ ಇನ್ನೇನಾದೀತು?

ಮನೆಯಲ್ಲೇ ಪರೀಕ್ಷೆ

ಒಂದು ಭಾಗ ಒಣಮಣ್ಣಿಗೆ ಎರಡೂವರೆ ಭಾಗ ಬಟ್ಟಿ ಇಳಿಸಿದ ನೀರು ಬೆರೆಸಿ ಚೆನ್ನಾಗಿ ಕಲಕಿ, ಅರ್ಧ ಗಂಟೆ ಬಿಟ್ಟು, ಮೇಲಿನ ತಿಳಿಯಲ್ಲಿ ರಸಸಾರದ ಕಾಗದ ಅದ್ದಿ ಬಣ್ಣ ಹೋಲಿಸಿ ನೋಡಬೇಕು. ಗಿಡಕ್ಕೆ ಹಾಕುವ ನೀರನ್ನೂ ಹಾಗೆಯೇ ನೋಡುವುದು ಒಳ್ಳೆಯದು. ಕಾಗದ ಸಿಗದಿದ್ದರೆ ಒಣಮಣ್ಣಿನ ಮೇಲೆ ವಿನೆಗರ್ ಹನಿಸಿ. ನೊರೆ ಉಕ್ಕಿದರೆ ಸುಣ್ಣವಿದೆ ಎಂದರ್ಥ. ನೊರೆ ಬರಲಿಲ್ಲವೆಂದು ಮಾತ್ರಕ್ಕೆ ಮಣ್ಣು ಸರಿಯಿದೆ ಎಂದುಕೊಳ್ಳಬೇಡಿ.

ಅನುಮಾನ ಉಳಿದರೆ ಗಿಡವನ್ನೇ ಕೇಳಬೇಕು. ಒಂದು ಲೀಟರ್ ನೀರಿಗೆ 5 ಗ್ರಾಂ ಕಬ್ಬಿಣದ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ, ಒಂದೇ ಒಂದು ಕೊಂಬೆಗೆ ಸಂಜೆ ಹೊತ್ತು ಸಿಂಪಡಿಸಿ, ದಾರ ಕಟ್ಟಿ ಗುರುತು ಮಾಡಿ. ಮೆಗ್ನೀಷಿಯಂ ಅನುಮಾನವಿದ್ದರೆ ಲೀಟರಿಗೆ 10 ಗ್ರಾಂ ಮೆಗ್ನೀಷಿಯಂ ಸಲ್ಫೇಟ್ ಸಾಕು. ಎರಡನ್ನೂ ಒಟ್ಟಿಗೆ ಹೊಡೆದರೆ ಯಾವುದು ಫಲಿಸಿತೆಂದು ತಿಳಿಯದು. ಸುಮಾರು ಒಂದು ವಾರದಲ್ಲಿ ಆ ಕೊಂಬೆ ಹಸಿರಾಗತೊಡಗಿದರೆ ರೋಗ ಸಿಕ್ಕಿತು.

ಸಿಂಪಡಣೆ ತಾತ್ಕಾಲಿಕ ಉಪಾಯ. ಮಣ್ಣು ಸರಿಹೋಗದೆ ಮುಂದಿನ ಚಿಗುರು ಮತ್ತೆ ಹಳದಿಯೇ. ಹೊಲವಾದರೆ ಗಂಧಕದ ಪುಡಿ ಸೇರಿಸಬಹುದು. ಅದು ಕೆಲಸ ಮಾಡಲು ತಿಂಗಳುಗಳೇ ಬೇಕು. ಡ್ರಮ್ಮಿಗಾದರೆ ಮಣ್ಣನ್ನೇ ಬದಲಿಸುವುದು ಸುಲಭ: ಗಾರೆಯಿಲ್ಲದ ಕೆಂಪು ಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ತೊಳೆದ ತೆಂಗಿನ ನಾರಿನ ಪುಡಿ, ಮೂರೂ ಸಮಪಾಲು. ಬೂದಿ, ಸುಣ್ಣ, ಮೊಟ್ಟೆ ಚಿಪ್ಪು ಬೇಡ. ಇವು ಹುಳಿ ಮಣ್ಣಿಗೆ ಮದ್ದು, ಇಲ್ಲಿ ಬೆಂಕಿಗೆ ತುಪ್ಪ.

ನೀರಿಗೆ ಮಳೆಯೇ ಗತಿ. ನೂರು ಚದರ ಮೀಟರ್ ತಾರಸಿಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಸಾವಿರ ಲೀಟರ್ ನೀರು. ಯಜಮಾನರು ಈಗ ಎರಡು ಡ್ರಮ್ಮುಗಳನ್ನು ಗಿಡಕ್ಕಲ್ಲ, ಮಳೆ ನೀರಿಗೇ ಮೀಸಲಿಟ್ಟಿದ್ದಾರೆ. ಅವರು ದಾರ ಕಟ್ಟಿದ ಕೊಂಬೆ ಒಂಬತ್ತನೆಯ ದಿನಕ್ಕೆ ಹಸಿರಾಯಿತು. ಆ ದಾರವನ್ನು ಅವರಿನ್ನೂ ಬಿಚ್ಚಿಲ್ಲ.