ಕಳೆ ಕೀಳುವ ಕೈ ಪೈರನ್ನು ಕೀಳದಿರಲಿ

ಕುಟುಂಬ ಅಧ್ಯಯನ: ಪೈರಸಿ, ಕಾನೂನು ಮತ್ತು ಅಂತರ್ಜಾಲದ ಸ್ವಾತಂತ್ರ್ಯ

ಹೊಸ ಕನ್ನಡ ಚಿತ್ರವೊಂದು ಶುಕ್ರವಾರ ತೆರೆ ಕಾಣುತ್ತದೆ. ಎಷ್ಟೋ ಸಲ ಶನಿವಾರ ಬೆಳಗಾಗುವಷ್ಟರಲ್ಲಿ ಅದರ ಕಳ್ಳ ಪ್ರತಿ ಮೊಬೈಲಿನಿಂದ ಮೊಬೈಲಿಗೆ ಹರಿದಾಡತೊಡಗಿರುತ್ತದೆ. 2019ರಲ್ಲಿ 'ಪೈಲ್ವಾನ್' ಚಿತ್ರಕ್ಕೆ ಹೀಗೇ ಆಗಿ, ಚಿತ್ರತಂಡ ಪೊಲೀಸರ ಮೊರೆ ಹೋಗಬೇಕಾಯಿತು. ಹಾಗೆ ಬಂದದ್ದನ್ನು ನೋಡುವುದು ತಪ್ಪೇ? ತಪ್ಪೆಂದಾದರೆ ಅದನ್ನು ತಡೆಯಲು ಸರ್ಕಾರ ಎಷ್ಟು ದೂರ ಹೋಗಬಹುದು? ಕ್ರೈಸ್ತ ಕುಟುಂಬಗಳು ಈ ಎರಡು ಪ್ರಶ್ನೆಗಳನ್ನೂ ಒಟ್ಟಿಗೆ ಕೇಳಿಕೊಳ್ಳಬೇಕು. ಮೊದಲನೆಯದನ್ನು ಮಾತ್ರ ಕೇಳುವವರು ಕಠೋರರಾಗುತ್ತಾರೆ. ಎರಡನೆಯದನ್ನು ಮಾತ್ರ ಕೇಳುವವರು ಕಳ್ಳತನಕ್ಕೆ ನೆಪ ಹುಡುಕುತ್ತಾರೆ.

ಹಳೆಯದೊಂದು ಜಗಳ

ಪ್ರಶ್ನೆ ಅಂತರ್ಜಾಲದೊಂದಿಗೆ ಹುಟ್ಟಿದ್ದಲ್ಲ. ಆರನೆಯ ಶತಮಾನದ ಐರ್ಲೆಂಡಿನ ಒಂದು ಐತಿಹ್ಯವನ್ನು ಕೇಳಿ. ಸಂತ ಕೊಲಂಬನು ತನ್ನ ಗುರು ಫಿನ್ನಿಯನ್ನನ ಬಳಿಯಿದ್ದ ಕೀರ್ತನೆಗಳ ಗ್ರಂಥವನ್ನು ಗುಟ್ಟಾಗಿ ಕೈಬರಹದಲ್ಲಿ ನಕಲು ಮಾಡಿಕೊಂಡನಂತೆ. ಪ್ರತಿ ಯಾರದು ಎಂಬ ವ್ಯಾಜ್ಯ ದೊರೆಯ ಮುಂದೆ ಹೋಯಿತು. ಹಸು ಯಾರದೋ ಕರುವೂ ಅವರದೇ ಆದ್ದರಿಂದ, ಗ್ರಂಥ ಯಾರದೋ ಅದರ ಪ್ರತಿಯೂ ಅವರದೇ ಎಂದು ದೊರೆ ತೀರ್ಪಿತ್ತನು. ಮನಸ್ತಾಪ ಬೆಳೆದು ಯುದ್ಧಕ್ಕೆ ತಿರುಗಿತು, ಅನೇಕರು ಸತ್ತರು ಎಂದು ಐತಿಹ್ಯ ಹೇಳುತ್ತದೆ. ಕೊಲಂಬನು 563ರಲ್ಲಿ ತಾಯ್ನಾಡು ಬಿಟ್ಟು ಅಯೋನಾ ದ್ವೀಪಕ್ಕೆ ಹೋದನು. ಐತಿಹ್ಯದಲ್ಲಿ ಎಷ್ಟು ನಿಜವೋ ದೇವರೇ ಬಲ್ಲ. ಆದರೆ ಅದರ ಪಾಠ ಇಂದಿಗೂ ಸಲ್ಲುತ್ತದೆ. ನಕಲು ಮಾಡಿದವನ ತಪ್ಪು ಒಂದು ಕಡೆಯಾದರೆ, ಆ ತಪ್ಪಿನ ಅಳತೆ ಮೀರಿದ ಶಿಕ್ಷೆ ಮತ್ತೊಂದು ಕಡೆ.

ದುಡಿದವನ ಕೂಲಿ

ಭದ್ರಾವತಿಯ ಜನರಿಗೆ ದುಡಿಮೆಯ ಬೆಲೆಯನ್ನು ಬೇರೆ ಯಾರೂ ಹೇಳಿಕೊಡಬೇಕಿಲ್ಲ. 1923ರಲ್ಲಿ ಇಲ್ಲಿನ ಕಬ್ಬಿಣದ ಕಾರ್ಖಾನೆಯಲ್ಲಿ ಉತ್ಪಾದನೆ ಆರಂಭವಾದಂದಿನಿಂದ ಎಷ್ಟು ತಲೆಮಾರುಗಳು ಕುಲುಮೆಯ ಝಳದಲ್ಲಿ ಬೆಂದಿವೆ! ಕಾಗದನಗರದ ಕಾರ್ಮಿಕರು ತಯಾರಿಸಿದ ಕಾಗದದ ಮೇಲೆ ನಾಡಿನ ಪತ್ರಿಕೆಗಳು ಅಚ್ಚಾದವು. ಆ ಕಾಗದ ಕಾರ್ಖಾನೆಯ ಯಂತ್ರಗಳು ನಿಂತಾಗ, ಮಾಡಿದ ಕೆಲಸಕ್ಕೆ ಸಂಬಳ ಬಾರದಿದ್ದರೆ ಒಲೆ ಹೇಗೆ ಆರುತ್ತದೆಂಬುದನ್ನು ಈ ಊರು ಕಂಡಿದೆ.

ಕಾಗದ ಮಾಡಿದವನಿಗೆ ಕೂಲಿ ಸಲ್ಲಬೇಕಾದರೆ, ಆ ಕಾಗದದ ಮೇಲೆ ಬರೆದವನಿಗೂ ಸಲ್ಲಬೇಡವೇ? ಕನ್ನಡ ಪುಸ್ತಕವೊಂದು ಸಾಮಾನ್ಯವಾಗಿ ಸಾವಿರ ಪ್ರತಿ ಅಚ್ಚಾಗುತ್ತದೆ. ಅದನ್ನು ಸ್ಕ್ಯಾನ್ ಮಾಡಿ ವಾಟ್ಸಾಪ್ ಗುಂಪಿಗೆ ಹಾಕಿದರೆ ಪ್ರಕಾಶಕನಿಗೆ ಉಳಿಯುವುದೇನು? ಸಿನಿಮಾದವರು ಕೋಟ್ಯಧೀಶರು, ಅವರಿಗೇನು ಕೊರತೆ ಎಂಬ ಮಾತು ಕೇಳಿಬರುತ್ತದೆ. ಪೋಸ್ಟರಿನಲ್ಲಿ ಕಾಣುವ ಮುಖ ಒಂದಿರಬಹುದು. ಆದರೆ ದೀಪ ಹೊತ್ತವರು, ಬಟ್ಟೆ ಹೊಲಿದವರು, ಅಡುಗೆ ಬಡಿಸಿದವರು, ಊರಿನ ಚಿತ್ರಮಂದಿರದಲ್ಲಿ ಟಿಕೆಟ್ ಹರಿಯುವವರು ಕೋಟ್ಯಧೀಶರಲ್ಲ. ಹೊಲ ಕೊಯ್ದವರ ಕೂಲಿಯನ್ನು ಹಿಡಿದಿಟ್ಟರೆ ಆ ಕೂಲಿಯೇ ದೇವರಿಗೆ ಮೊರೆಯಿಡುತ್ತದೆ ಎಂಬರ್ಥದ ಮಾತನ್ನು ಯಕೋಬನು ತನ್ನ ಪತ್ರದ ಐದನೆಯ ಅಧ್ಯಾಯದಲ್ಲಿ ಬರೆಯುತ್ತಾನೆ. ಆ ಮಾತು ಇಲ್ಲಿಗೂ ಅನ್ವಯಿಸುತ್ತದೆ.

ದೇಶದ ಕಾನೂನು ಇದನ್ನು ಗುರುತಿಸಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕನ ಹಕ್ಕು ಅವನ ಜೀವಿತಕಾಲವಲ್ಲದೆ ಮರಣದ ನಂತರ 60 ವರ್ಷ ಉಳಿಯುತ್ತದೆ. ನಮ್ಮ ಜಿಲ್ಲೆಯ ಹೆಮ್ಮೆಯಾದ ಕುವೆಂಪು ಅವರು 1994ರಲ್ಲಿ ನಿಧನರಾದರು. ಅವರ ಕೃತಿಗಳ ಹಕ್ಕು 2054ರ ಕೊನೆಯವರೆಗೆ ಇರುತ್ತದೆ. ತಿಳಿದೂ ಈ ಹಕ್ಕನ್ನು ಉಲ್ಲಂಘಿಸಿದವರಿಗೆ 6 ತಿಂಗಳಿಂದ 3 ವರ್ಷದವರೆಗೆ ಸೆರೆವಾಸ, 50 ಸಾವಿರದಿಂದ 2 ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು. ಇದು ಜಾಮೀನುರಹಿತ ಅಪರಾಧವೆಂದು 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2023ರಲ್ಲಿ ಸಿನಿಮಾಟೋಗ್ರಾಫ್ ಕಾಯ್ದೆಗೂ ತಿದ್ದುಪಡಿಯಾಗಿ, ಚಿತ್ರಮಂದಿರದಲ್ಲಿ ಕದ್ದು ಚಿತ್ರೀಕರಿಸುವವರಿಗೆ ಮತ್ತು ಅದನ್ನು ಹಂಚುವವರಿಗೆ ಭಾರಿ ದಂಡ ಬಂದಿದೆ.

ಇಷ್ಟರಮಟ್ಟಿಗೆ ನಾವು ಒಪ್ಪಬೇಕು. ಕದಿಯಬಾರದೆಂಬ ಏಳನೆಯ ಕಟ್ಟಳೆ ಮೊಬೈಲಿಗೂ ಅನ್ವಯಿಸುತ್ತದೆ.

ವಿಚಾರಣೆಯಿಲ್ಲದ ಸೆರೆ

ಆದರೆ ಕಥೆ ಇಲ್ಲಿಗೆ ಮುಗಿಯುವುದಿಲ್ಲ. ನಮ್ಮ ರಾಜ್ಯದಲ್ಲಿ 1985ರ ಒಂದು ಕಾನೂನು ಇದೆ. ಜನ ಅದನ್ನು ಗೂಂಡಾ ಕಾಯ್ದೆ ಎನ್ನುತ್ತಾರೆ. ಕಳ್ಳಭಟ್ಟಿ ಕಾಯಿಸುವವರು, ಜೂಜುಕೋರರು, ಗೂಂಡಾಗಳು ಮೊದಲಾದವರನ್ನು ಹಿಡಿದಿಡಲು ಅದನ್ನು ಮಾಡಲಾಗಿತ್ತು. 2014ರಲ್ಲಿ ರಾಜ್ಯದ ಶಾಸನಸಭೆ ಅದಕ್ಕೆ ತಿದ್ದುಪಡಿ ತಂದು ಆಸಿಡ್ ದಾಳಿಕೋರರು, ಭೂಗಳ್ಳರು, ಲೈಂಗಿಕ ಅಪರಾಧಿಗಳ ಜೊತೆಗೆ 'ಡಿಜಿಟಲ್ ಅಪರಾಧಿ'ಗಳನ್ನೂ ವಿಡಿಯೋ, ಆಡಿಯೋ ಪೈರಸಿ ಮಾಡುವವರನ್ನೂ ಸೇರಿಸಿತು. ತಮಿಳುನಾಡು 2004ರಲ್ಲೇ ವಿಡಿಯೋ ಪೈರಸಿಯನ್ನು ತನ್ನ ಗೂಂಡಾ ಕಾಯ್ದೆಗೆ ಸೇರಿಸಿಕೊಂಡಿತ್ತು.

ಈ ಕಾಯ್ದೆ ಸಾಮಾನ್ಯ ಕಾನೂನಿನಂತಲ್ಲ. ಇದರಡಿ ಆಗುವುದು ಮುನ್ನೆಚ್ಚರಿಕೆಯ ಬಂಧನ. ಅಂದರೆ, ಒಬ್ಬ ವ್ಯಕ್ತಿ ಇಂಥ ಕೆಲಸದಲ್ಲಿ ತೊಡಗಿ ಅಥವಾ ಅದಕ್ಕೆ ಸಿದ್ಧತೆ ನಡೆಸಿ ಸಾರ್ವಜನಿಕ ಶಾಂತಿಗೆ ಧಕ್ಕೆ ತರುತ್ತಾನೆಂದು ಅಧಿಕಾರಿಗೆ ಮನವರಿಕೆಯಾದರೆ ಸಾಕು, ನ್ಯಾಯಾಲಯದಲ್ಲಿ ಅಪರಾಧ ಸಾಬೀತಾಗದಿದ್ದರೂ 12 ತಿಂಗಳವರೆಗೆ ಸೆರೆಯಲ್ಲಿಡಬಹುದು. ಸಲಹಾ ಮಂಡಳಿಯೊಂದು ಆದೇಶವನ್ನು ಪರಿಶೀಲಿಸುತ್ತದೆ, ನಿಜ. ಆದರೆ ಸಾಕ್ಷಿಯನ್ನು ಪ್ರಶ್ನಿಸಿ, ವಾದ ಮಂಡಿಸಿ, ತೀರ್ಪು ಪಡೆಯುವ ವಿಚಾರಣೆಗೆ ಅದು ಸಮವಲ್ಲ.

ಕೃತಿಸ್ವಾಮ್ಯದ ವಿಷಯದಲ್ಲಿ ತಿದ್ದುಪಡಿ 'ವಾಣಿಜ್ಯ ಉದ್ದೇಶ'ಕ್ಕಾಗಿ ಉಲ್ಲಂಘಿಸುವವರ ಬಗ್ಗೆ ಮಾತನಾಡುತ್ತದೆ. ಮನೆಯಲ್ಲಿ ಕುಳಿತು ಹಾಡು ಕೇಳಿದವನು ಇದರಡಿ ಬರುವುದಿಲ್ಲ. ಆದರೆ ಅದರ ವ್ಯಾಖ್ಯೆಯೊಳಗೆ ಪುಸ್ತಕ, ಸಂಗೀತ, ಚಲನಚಿತ್ರ, ಸಾಫ್ಟ್‌ವೇರ್ ಎಲ್ಲವೂ ಬರುತ್ತವೆ. ಜೊತೆಗೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಹಲವು ಕಲಮುಗಳೂ ಸೇರಿವೆ. ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿ ಸಂಸ್ಥೆಯವರು ಆಗಲೇ ಇದನ್ನು ಆಕ್ಷೇಪಿಸಿದ್ದರು.

ಒಂದು ಉದಾಹರಣೆಯನ್ನು ಊಹಿಸಿಕೊಳ್ಳೋಣ. ಕಾರ್ಖಾನೆ ಮುಚ್ಚಿ ಅಪ್ಪನ ಕೆಲಸ ಹೋಗಿದೆ. ಮಗ ಬಸ್ ನಿಲ್ದಾಣದ ಬಳಿ ಸಣ್ಣ ಮೊಬೈಲ್ ಅಂಗಡಿ ಇಟ್ಟು ರೀಚಾರ್ಜ್ ಮಾಡಿಕೊಡುತ್ತಾನೆ, ಹತ್ತಿಪ್ಪತ್ತು ರೂಪಾಯಿಗೆ ಮೆಮೊರಿ ಕಾರ್ಡಿಗೆ ಹಾಡು, ಸಿನಿಮಾ ತುಂಬಿಸಿಕೊಡುತ್ತಾನೆ. ಅವನು ಮಾಡಿದ್ದು ತಪ್ಪು. ಮೊಕದ್ದಮೆ ಹೂಡಬಹುದು, ದಂಡ ಹಾಕಬಹುದು. ಆದರೆ ಅವನನ್ನು ಆಸಿಡ್ ಎರಚಿದವನ ಸಾಲಿನಲ್ಲಿ ನಿಲ್ಲಿಸಿ, ವಿಚಾರಣೆಯಿಲ್ಲದೆ ವರ್ಷಕಾಲ ಕೂಡಿಹಾಕಲು ಅವಕಾಶ ಕೊಡುವುದು ನ್ಯಾಯವೇ? ಕಳ್ಳ ಪ್ರತಿಯನ್ನು ಮೊದಲು ಸೋರಿಸಿ ಜಾಹೀರಾತಿನಿಂದ ಹಣ ಮಾಡುವ ದೊಡ್ಡ ಕುಳಗಳಾದರೋ ಎಲ್ಲೋ ದೂರದಲ್ಲಿ ಹೆಸರು ಮರೆಸಿಕೊಂಡು ಕುಳಿತಿರುತ್ತವೆ. ಬಲೆಗೆ ಸುಲಭವಾಗಿ ಬೀಳುವುದು ಸಣ್ಣ ಮೀನು.

ಸಂತ ಯೊವಾನ್ನನ ಶುಭಸಂದೇಶದ ಏಳನೆಯ ಅಧ್ಯಾಯದಲ್ಲಿ ನಿಕೊದೇಮನು ಕೇಳಿದ ಪ್ರಶ್ನೆಯನ್ನು ನೆನೆಯಿರಿ. ಯೇಸುವನ್ನು ಹಿಡಿದು ತರಬೇಕೆಂದು ಹಿರಿಯರು ಹಟ ಹಿಡಿದಾಗ, ಒಬ್ಬನ ಮಾತನ್ನು ಮೊದಲು ಕೇಳದೆ ನಮ್ಮ ಧರ್ಮಶಾಸ್ತ್ರ ಅವನಿಗೆ ತೀರ್ಪು ಕೊಡುವುದುಂಟೇ ಎಂದು ಅವನೊಬ್ಬನೇ ಕೇಳಿದ. ಆರೋಪಿ ನಿರಪರಾಧಿಯೋ ಅಪರಾಧಿಯೋ, ಈ ಪ್ರಶ್ನೆ ಇಬ್ಬರಿಗೂ ಸಲ್ಲುತ್ತದೆ.

ಕಳೆ ಮತ್ತು ಪೈರು

ಭದ್ರಾ ಕಾಲುವೆಯ ನೀರಿನಲ್ಲಿ ಬತ್ತ ಬೆಳೆಯುವ ರೈತರಿಗೆ ಗೊತ್ತು, ಕಳೆ ಕೀಳುವ ಕೈ ನಿಧಾನವಾಗಿರಬೇಕು. ಪ್ರಭು ಯೇಸು ಹೇಳಿದ ಕಳೆಯ ಸಾಮತಿಯಲ್ಲಿ ಯಜಮಾನನ ಚಿಂತೆಯೂ ಅದೇ, ಕಳೆಯ ಜೊತೆಗೆ ಗೋಧಿಯೂ ಕಿತ್ತುಬಂದೀತೆಂಬುದು. ಕಳೆಯನ್ನು ಪ್ರೀತಿಸಬೇಕೆಂದು ಆ ಸಾಮತಿ ಹೇಳುವುದಿಲ್ಲ. ಪೈರಿನ ಮೇಲೆ ಪ್ರೀತಿಯಿರಬೇಕೆಂದು ಹೇಳುತ್ತದೆ.

ಅಂತರ್ಜಾಲದಲ್ಲಿ ಪೈರು ಕಿತ್ತುಬಂದ ಪ್ರಸಂಗಗಳು ನಮ್ಮ ದೇಶದಲ್ಲೇ ಇವೆ. 2012ರಲ್ಲಿ '3' ಎಂಬ ತಮಿಳು ಚಿತ್ರ ಮತ್ತು 'ದಮ್ಮು' ಎಂಬ ತೆಲುಗು ಚಿತ್ರದ ಪೈರಸಿ ತಡೆಯಲು ಮದ್ರಾಸ್ ಹೈಕೋರ್ಟಿನಿಂದ ಆದೇಶ ತರಲಾಯಿತು. ಅಂತರ್ಜಾಲ ಸಂಪರ್ಕ ಕೊಡುವ ಕಂಪನಿಗಳು ಕಳ್ಳ ಪ್ರತಿಯಿದ್ದ ಪುಟಗಳನ್ನಷ್ಟೇ ಮುಚ್ಚದೆ, ಸಾವಿರಾರು ಜನ ತಮ್ಮದೇ ವಿಡಿಯೋಗಳನ್ನು ಇಟ್ಟುಕೊಂಡಿದ್ದ ವಿಮಿಯೊದಂಥ ತಾಣಗಳನ್ನೇ ಮುಚ್ಚಿಬಿಟ್ಟವು. ಅದೇ ಜೂನ್‌ನಲ್ಲಿ ನ್ಯಾಯಾಲಯ ಸ್ಪಷ್ಟನೆ ನೀಡಿ, ನಿರ್ದಿಷ್ಟ ಪುಟಗಳನ್ನು ಮಾತ್ರ ತಡೆಯಬೇಕೆಂದು ಹೇಳಬೇಕಾಯಿತು. 2017ರ ಆಗಸ್ಟ್‌ನಲ್ಲಿ ಹಿಂದಿ ಚಿತ್ರಗಳ ಪೈರಸಿ ತಡೆಯುವ ಆದೇಶದಡಿ ಎರಡು ಸಾವಿರಕ್ಕೂ ಹೆಚ್ಚು ತಾಣಗಳ ಪಟ್ಟಿ ಮಾಡಿದಾಗ, ಹಳೆಯ ಗ್ರಂಥಗಳನ್ನು ಉಚಿತವಾಗಿ ಓದಲು ಕೊಡುವ ಇಂಟರ್ನೆಟ್ ಆರ್ಕೈವ್ ಕೂಡ ಅದರಲ್ಲಿ ಸಿಲುಕಿಕೊಂಡಿತು. ಸಿನಿಮಾ ಕಳ್ಳನನ್ನು ಹಿಡಿಯಲು ಹೋಗಿ ಗ್ರಂಥಾಲಯಕ್ಕೆ ಬೀಗ ಹಾಕಿದಂತಾಯಿತು.

ಹೊರದೇಶದಲ್ಲೂ ಇದೇ ಜಗಳ. 2012ರ ಜನವರಿ 18ರಂದು ಅಮೆರಿಕದ ಪೈರಸಿ ವಿರೋಧಿ ಮಸೂದೆಯನ್ನು ಪ್ರತಿಭಟಿಸಿ ಇಂಗ್ಲಿಷ್ ವಿಕಿಪೀಡಿಯ ಒಂದು ದಿನ ಬಾಗಿಲು ಮುಚ್ಚಿತು. ಕಳ್ಳತನ ಬೇಕೆಂದು ಅವರು ಹಾಗೆ ಮಾಡಲಿಲ್ಲ. ಆ ಮಸೂದೆ ಕೊಡುವ ಅಧಿಕಾರದಿಂದ ತಪ್ಪಿಲ್ಲದ ತಾಣಗಳಿಗೂ ಪೆಟ್ಟು ಬೀಳುವುದೆಂಬ ಭಯ ಅವರಿಗಿತ್ತು. ಜನ ಎದ್ದ ಮೇಲೆ ಮಸೂದೆ ಮೂಲೆ ಸೇರಿತು.

ತಡೆಯುವ ಅಧಿಕಾರ ಒಮ್ಮೆ ಕೈಗೆ ಬಂದರೆ ಅದು ಸಿನಿಮಾದ ಗಡಿಯಲ್ಲಿ ನಿಲ್ಲುತ್ತದೆಂಬ ಭರವಸೆಯಿಲ್ಲ. ಅಂತರ್ಜಾಲದ ಮಾತುಗಳಿಗಾಗಿ ಜನರನ್ನು ಬಂಧಿಸಲು ಬಳಕೆಯಾಗುತ್ತಿದ್ದ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದುಪಡಿಸಿತು. ಅಂತರ್ಜಾಲದ ಮೂಲಕ ಅಭಿಪ್ರಾಯ ಹೇಳುವುದಕ್ಕೂ ಸಂವಿಧಾನದ ರಕ್ಷಣೆಯಿದೆ ಎಂದು 2020ರ ಜನವರಿ 10ರಂದು ಹೇಳಿತು. ಇನ್ನೊಂದು ಕಡೆ, ಸರ್ಕಾರದ 'ಸಹಯೋಗ್' ಪೋರ್ಟಲ್ ಮೂಲಕ ಬರುವ ತಡೆ ಆದೇಶಗಳನ್ನು ಪ್ರಶ್ನಿಸಿದ್ದ ಎಕ್ಸ್ ಕಂಪನಿಯ ಅರ್ಜಿಯನ್ನು ನಮ್ಮ ಹೈಕೋರ್ಟ್ 2025ರ ಸೆಪ್ಟೆಂಬರ್ 24ರಂದು ವಜಾ ಮಾಡಿತು. ಸ್ವಾತಂತ್ರ್ಯವಿದ್ದ ಮಾತ್ರಕ್ಕೆ ಎಲ್ಲವೂ ಸಲ್ಲುವುದಿಲ್ಲ ಎಂಬುದು ಆ ತೀರ್ಪಿನ ಧಾಟಿ. ತಕ್ಕಡಿಯ ಎರಡೂ ತಟ್ಟೆಗಳಲ್ಲಿ ತೂಕವಿದೆ.

ಧರ್ಮಸಭೆಯ ಬೋಧನೆ

ಧರ್ಮಸಭೆಯೂ ಎರಡೂ ತಟ್ಟೆಗಳನ್ನು ನೋಡುತ್ತದೆ. ಜ್ಞಾನ, ಕೌಶಲ್ಯಗಳೂ ಒಂದು ಬಗೆಯ ಆಸ್ತಿಯೇ ಎಂದು ಜಗದ್ಗುರು ದ್ವಿತೀಯ ಜಾನ್ ಪಾಲರು 1991ರ ತಮ್ಮ ವಿಶ್ವಪತ್ರದಲ್ಲಿ ತಿಳಿಸಿದ್ದಾರೆ. ಹಾಗೆಂದು ಆಸ್ತಿಯ ಹಕ್ಕಿಗೆ ಮಿತಿಯಿಲ್ಲವೆಂದಲ್ಲ. ಸೃಷ್ಟಿಯ ಸಂಪತ್ತು ಎಲ್ಲರಿಗಾಗಿ ಎಂಬುದು ಎರಡನೆಯ ವ್ಯಾಟಿಕನ್ ಮಹಾಸಭೆಯ ಬೋಧನೆ. ಜಗದ್ಗುರು ಹದಿನಾರನೆಯ ಬೆನೆಡಿಕ್ಟರು 2009ರಲ್ಲಿ, ಶ್ರೀಮಂತ ದೇಶಗಳು ಬೌದ್ಧಿಕ ಆಸ್ತಿಯ ಹಕ್ಕನ್ನು ಅತಿಯಾಗಿ ಬಿಗಿಹಿಡಿಯುವುದನ್ನು, ಅದರಲ್ಲೂ ಆರೋಗ್ಯದ ವಿಷಯದಲ್ಲಿ, ಟೀಕಿಸಿದರು. ಅಂತರ್ಜಾಲದ ನೀತಿಯ ಬಗ್ಗೆ 2002ರಲ್ಲಿ ಬಂದ ವ್ಯಾಟಿಕನ್ ದಾಖಲೆ, ತಮಗೆ ಮುಜುಗರವಾಗುತ್ತದೆಂದು ಆಳುವವರು ಮಾಹಿತಿಗೆ ಅಡ್ಡಗೋಡೆ ಕಟ್ಟುವುದನ್ನು ಖಂಡಿಸುತ್ತದೆ.

ನಮ್ಮ ಮನೆ, ನಮ್ಮ ಧರ್ಮಕೇಂದ್ರ

1. ಬಲಿಪೂಜೆಯಲ್ಲಿ ಗಾನವೃಂದ ಹಾಡುವ ಗೀತೆಗಳಿಗೆ ಅನುಮತಿ ಬೇಕೇ? ನಿಜವಾದ ಧಾರ್ಮಿಕ ವಿಧಿಯಲ್ಲಿ ಹಾಡುವುದು ಕೃತಿಸ್ವಾಮ್ಯದ ಉಲ್ಲಂಘನೆಯಲ್ಲವೆಂದು ಕಾಯ್ದೆಯ 52ನೆಯ ಕಲಮು ಹೇಳುತ್ತದೆ. ಮದುವೆಯ ಮೆರವಣಿಗೆಗೂ ಈ ವಿನಾಯಿತಿ ಇದೆ. ಆದರೆ ಬೇರೆಯವರ ಗೀತೆಗಳನ್ನು ಸೇರಿಸಿ ಪುಸ್ತಕ ಅಚ್ಚು ಹಾಕಿ ಮಾರುವುದು ಬೇರೆ ಮಾತು. ಬರೆದವರನ್ನು ಕೇಳಿ, ಅವರ ಹೆಸರು ಹಾಕಿ.

2. ಬಡ ವಿದ್ಯಾರ್ಥಿ ಪಾಠಕ್ಕಾಗಿ ಪುಸ್ತಕದ ಕೆಲವು ಅಧ್ಯಾಯಗಳನ್ನು ಜೆರಾಕ್ಸ್ ಮಾಡಿಸಿದರೆ? ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿಯ ಮೇಲೆ ದೊಡ್ಡ ಪ್ರಕಾಶಕರು ಹೂಡಿದ್ದ ದಾವೆಯಲ್ಲಿ 2016ರಲ್ಲಿ ದೆಹಲಿ ಹೈಕೋರ್ಟ್, ಬೋಧನೆಗಾಗಿ ಹೀಗೆ ಪ್ರತಿ ಮಾಡಲು ಕಾನೂನಿನಲ್ಲಿ ಅವಕಾಶವಿದೆ ಎಂದಿತು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಓದುವ ನಮ್ಮ ಮಕ್ಕಳಿಗೆ ಇದು ತಿಳಿದಿರಲಿ.

3. ಕಣ್ಣಿಲ್ಲದವರಿಗಾಗಿ ಪುಸ್ತಕವನ್ನು ಧ್ವನಿಯಲ್ಲಿ ಅಥವಾ ಬ್ರೈಲ್‌ನಲ್ಲಿ ಸಿದ್ಧಪಡಿಸಿ, ಲಾಭವಿಲ್ಲದೆ ಕೊಡಲು 2012ರ ತಿದ್ದುಪಡಿ ಅವಕಾಶ ಕೊಟ್ಟಿದೆ. ನಮ್ಮ ಯುವಜನರು ಕೈಗೊಳ್ಳಬಹುದಾದ ಒಳ್ಳೆಯ ಸೇವೆ ಇದು.

4. ಉಚಿತವಾಗಿ ಸಿಗುವುದೆಲ್ಲ ಕದ್ದದ್ದಲ್ಲ. 1894ರ ಕಿಟೆಲ್ ನಿಘಂಟು ಇಂದು ಎಲ್ಲರ ಸೊತ್ತು. ಗೂಂಡಾ ಕಾಯ್ದೆಗೆ ತಿದ್ದುಪಡಿಯಾದ 2014ರಲ್ಲೇ ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶದ ಕೆಲವು ಸಂಪುಟಗಳನ್ನು ಎಲ್ಲರೂ ಬಳಸುವಂತೆ ಬಿಟ್ಟುಕೊಟ್ಟಿತು. ಕೊಟ್ಟದ್ದನ್ನು ಕೃತಜ್ಞತೆಯಿಂದ ಪಡೆಯೋಣ. ಕೊಡದಿರುವುದನ್ನು ಕಸಿಯದಿರೋಣ.

2025ರ ಸೆಪ್ಟೆಂಬರ್ 7ರಂದು ಸಂತ ಪದವಿಗೇರಿದ ಕಾರ್ಲೊ ಅಕುಟಿಸ್ 15ನೆಯ ವಯಸ್ಸಿಗೇ ತೀರಿಕೊಂಡ ಹುಡುಗ. ಪರಮಪ್ರಸಾದದ ಪವಾಡಗಳ ವಿವರಗಳನ್ನು ತಾನೇ ಕಲೆಹಾಕಿ, ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟ. ತೆರೆದ ಅಂತರ್ಜಾಲ ಯಾಕೆ ಬೇಕೆಂದು ಕೇಳುವವರಿಗೆ ಆ ಹುಡುಗನ ದುಡಿಮೆಯೇ ಉತ್ತರ. ಅದು ಉಳಿಯಬೇಕಾದರೆ ನಾವು ಕದಿಯುವುದನ್ನು ಬಿಡಬೇಕು. ಕಳ್ಳನನ್ನು ಹಿಡಿಯುವ ಹೆಸರಿನಲ್ಲಿ ನ್ಯಾಯ ಮುರಿಯುವುದು ಕಂಡಾಗ ನಿಕೊದೇಮನಂತೆ ಪ್ರಶ್ನೆಯನ್ನೂ ಕೇಳಬೇಕು.

ಮನೆಮಂದಿ ಕೂಡಿ ಚರ್ಚಿಸಲು

* ನಮ್ಮ ಮನೆಯ ಮೊಬೈಲುಗಳಲ್ಲಿ ಬೇರೆಯವರ ಕೂಲಿ ಕೊಡದೆ ಇಟ್ಟುಕೊಂಡದ್ದು ಏನೇನಿದೆ? ಅದನ್ನು ಏನು ಮಾಡೋಣ?
* ಮೇಲಿನ ಉದಾಹರಣೆಯ ಯುವಕ ನಮ್ಮದೇ ಧರ್ಮಕೇಂದ್ರದವನಾದರೆ ಅವನಿಗೆ ಏನು ಹೇಳುತ್ತೇವೆ? ಅವನನ್ನು ವಿಚಾರಣೆಯಿಲ್ಲದೆ ಕೂಡಿಹಾಕಿದರೆ ಅವನ ಪರವಾಗಿ ಯಾರ ಬಳಿಗೆ ಹೋಗುತ್ತೇವೆ?
* ಈ ತಿಂಗಳು ನಾವು ಹಣ ಕೊಟ್ಟು ಕೊಳ್ಳಬಹುದಾದ ಒಂದು ಕನ್ನಡ ಪುಸ್ತಕ ಯಾವುದು?