ಗೊಬ್ಬರ ಬೇಡದ ಹೂಗಳು

ಮಕ್ಕಳೇ, ಮಾರ್ಗನ್ ಹಿಲ್‌ನಿಂದ ಸ್ಯಾನ್ ಹೋಸೆ ಕಡೆಗೆ 101 ಹೆದ್ದಾರಿಯಲ್ಲಿ ಹೋಗುವಾಗ ಬಲಗಡೆ ಒಂದು ಗುಡ್ಡದ ಸಾಲು ಕಾಣುತ್ತೆ. ಅದೇ ಕಯೋಟಿ ರಿಡ್ಜ್. ಬೇಸಿಗೆಯಲ್ಲಿ ಬರೀ ಒಣಹುಲ್ಲು. ಆದರೆ ಮಾರ್ಚ್, ಏಪ್ರಿಲ್‌ನಲ್ಲಿ ಅಲ್ಲಿ ಅರಿಶಿನ ಚೆಲ್ಲಿದ ಹಾಗೆ ಗೋಲ್ಡ್‌ಫೀಲ್ಡ್ಸ್ ಎಂಬ ಪುಟ್ಟ ಹೂಗಳು ಅರಳುತ್ತವೆ.

ಇವು ಏಕವಾರ್ಷಿಕ ಗಿಡಗಳು. ಮರುಭೂಮಿಯ ಹೂಗಳ ಹಾಗೇ ಮಳೆ ಬಿದ್ದಾಗ ಮೊಳೆತು, ಹೂ ಬಿಟ್ಟು, ಬೀಜ ಉದುರಿಸಿ, ಬೇಸಿಗೆಗೆ ಮೊದಲೇ ಒಣಗಿಹೋಗುತ್ತವೆ. ಮುಂದಿನ ಮಳೆಯವರೆಗೆ ಉಳಿಯೋದು ಬೀಜ ಮಾತ್ರ. (ಇಲ್ಲಿ ಮಳೆಗಾಲ ಅಂದರೆ ಚಳಿಗಾಲ. ಊರಿಂದ ಬಂದ ಅಜ್ಜಿ-ತಾತಂದಿರಿಗೆ ಇದು ವಿಚಿತ್ರ!)

ಅಲ್ಲಿನ ಮಣ್ಣು ಸರ್ಪೆಂಟೈನ್ ಕಲ್ಲಿನಿಂದ ಆದದ್ದು. ಹೆಸರಿನಲ್ಲೇ ನಮ್ಮ ‘ಸರ್ಪ’ ಇದೆ ನೋಡಿ, ಎರಡೂ ಪದಗಳ ಮೂಲ ಒಂದೇ. ಕಲ್ಲಿನ ಹಸಿರು ಹೊಳಪು ಹಾವಿನ ಚರ್ಮದ ಹಾಗಿರುತ್ತೆ. ಈ ಮಣ್ಣಲ್ಲಿ ಸಾರಜನಕ, ಕ್ಯಾಲ್ಸಿಯಂ ಕಡಿಮೆ. ಮೆಗ್ನೀಸಿಯಂ, ನಿಕ್ಕಲ್ ಹೆಚ್ಚು. ಹೊರಗಿನಿಂದ ಬಂದ ಹುಲ್ಲುಗಳಿಗೆ ಇದು ಒಗ್ಗಲ್ಲ. ಹಾಗಾಗಿ ಪುಟ್ಟ ಹೂಗಳಿಗೆ ಜಾಗ ಸಿಕ್ಕಿದೆ.

ಗೋಲ್ಡ್‌ಫೀಲ್ಡ್ಸ್ ಪಕ್ಕದಲ್ಲೇ ಇನ್ನೊಂದು ಏಕವಾರ್ಷಿಕ ಇದೆ, ಡ್ವಾರ್ಫ್ ಪ್ಲಾಂಟೇನ್. ನೋಡೋಕೆ ಏನೂ ಚೆಂದವಿಲ್ಲ. ಅಪ್ಪ-ಅಮ್ಮನಿಗೆ ಗೊತ್ತಿರುವ ಇಸಬ್‌ಗೋಲಿನ ಹತ್ತಿರದ ನೆಂಟ ಇದು. ಬೇ ಚೆಕರ್‌ಸ್ಪಾಟ್ ಚಿಟ್ಟೆಯ ಮರಿಹುಳುಗಳಿಗೆ ಇದೇ ಮುಖ್ಯ ಊಟ. ಗಿಡ ಒಣಗುವುದರೊಳಗೆ ಹುಳು ಸಾಕಷ್ಟು ತಿಂದು ಬೆಳೆಯಬೇಕು, ಇಲ್ಲದಿದ್ದರೆ ಸಾವೇ. ಬೆಳೆದದ್ದು ಬೇಸಿಗೆಯೆಲ್ಲ ನಿದ್ದೆಮಾಡಿ, ಮಳೆ ಬಂದಾಗ ಮತ್ತೆ ತಿನ್ನುತ್ತೆ. 1987ರಿಂದ ಈ ಚಿಟ್ಟೆ ಅಪಾಯದಲ್ಲಿರುವ ಜೀವಿಗಳ ಸರ್ಕಾರಿ ಪಟ್ಟಿಯಲ್ಲಿದೆ.

ಅಪಾಯ ಎಲ್ಲಿಂದ? ಸ್ವಲ್ಪ ಮಟ್ಟಿಗೆ ನಮ್ಮ ಕಾರುಗಳಿಂದ! ಹೊಗೆಯಲ್ಲಿರುವ ಸಾರಜನಕ ಗುಡ್ಡದ ಮೇಲೆ ಇಳಿದು ಗೊಬ್ಬರವಾಗುತ್ತೆ. ಗೊಬ್ಬರ ಸಿಕ್ಕಿದ್ದೇ ತಡ, ಯುರೋಪಿನ ರೈ ಹುಲ್ಲು ಎತ್ತರಕ್ಕೆ ಬೆಳೆದು ಪುಟ್ಟ ಗಿಡಗಳನ್ನು ಮುಚ್ಚಿಬಿಡುತ್ತೆ. ಹೊಲಕ್ಕೆ ಗೊಬ್ಬರ ಹಾಕಿದರೆ ಒಳ್ಳೇದು ಅಂತಲೇ ಕೇಳಿ ಬೆಳೆದ ನನಗೆ ಇದು ಆಶ್ಚರ್ಯ. ದಿನಾ 101ರಲ್ಲೇ ಆಫೀಸಿಗೆ ಹೋಗುವವನು ನಾನೂ.

ಕೆಲವು ಕಡೆ ದನ ಮೇಯಿಸುವುದನ್ನು ನಿಲ್ಲಿಸಿದ್ದರು. ಅಲ್ಲಿ ಹುಲ್ಲು ಬೆಳೆದು ಚಿಟ್ಟೆಗಳೇ ಮಾಯವಾದವು. ವಿಜ್ಞಾನಿ ಸ್ಟುವರ್ಟ್ ವೈಸ್ 1999ರಲ್ಲಿ ಇದನ್ನು ವಿವರಿಸಿ ಬರೆದರು. ದನಗಳು ರೈ ಹುಲ್ಲನ್ನು ಇಷ್ಟಪಟ್ಟು ತಿನ್ನುತ್ತವೆ, ಪುಟ್ಟ ಗಿಡಗಳಿಗೆ ಬಿಸಿಲು ಸಿಗುತ್ತೆ.

ಕಯೋಟಿ ರಿಡ್ಜ್‌ನ ಒಂದು ಭಾಗ 2023ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ವಸಂತದಲ್ಲಿ ಹೋದರೆ ದಾರಿ ಬಿಟ್ಟು ಹೂಗಳ ಮೇಲೆ ಕಾಲಿಡಬೇಡಿ. ದನ ಕಂಡರೆ ಗಾಬರಿ ಬೇಡ, ಅವು ಡ್ಯೂಟಿಯಲ್ಲಿವೆ.