ಲೇಸ್ ಕಡ್ಡಿಯ ಮೇಲೊಂದು ಹೆಸರು

ಇದು ಒಳಿತು ಎಂಬರ್ಥದ ನಮ್ಮ ‘ಲೇಸು’ ಅಲ್ಲ. ಬಟ್ಟೆಯ ಅಂಚಿಗೆ ಹಚ್ಚುವ ಲೇಸ್. ನಾವೀಗ ಅದನ್ನು ಮೀಟರ್ ಲೆಕ್ಕದಲ್ಲಿ ಕೊಳ್ಳುತ್ತೇವೆ. 18, 19ನೆಯ ಶತಮಾನಗಳಲ್ಲಿ ಇಂಗ್ಲೆಂಡಿನ ಬೆಡ್‌ಫರ್ಡ್, ಬಕಿಂಗ್‌ಹ್ಯಾಮ್ ಸೀಮೆಯ ಹಳ್ಳಿ ಹೆಂಗಸರು ಅದನ್ನು ಕೈಯಲ್ಲೇ ಹೆಣೆಯುತ್ತಿದ್ದರು. ಅವರ ಸಾಧನ ಬಾಬಿನ್: ಸುಮಾರು 4 ಅಂಗುಲದ, ಕಡೆದು ಮಾಡಿದ ಮರದ ಕಡ್ಡಿ. ಮೂಳೆಯವೂ ಇದ್ದವು.

ಮಗ್ಗದಲ್ಲಿ ಒಂದು ಲಾಳಿ ಅತ್ತಿಂದಿತ್ತ ಓಡಿದರೆ ಆಯಿತು. ಇಲ್ಲಿ ಹಾಗಲ್ಲ, ಪ್ರತಿ ಎಳೆಗೂ ಅದರದೇ ಬಾಬಿನ್ ಬೇಕು. ಹುಲ್ಲು ತುಂಬಿದ ಗಟ್ಟಿ ದಿಂಬು, ಅದರ ಮೇಲೆ ತೂತು ಚುಚ್ಚಿದ ನಕ್ಷೆ, ತೂತುಗಳಲ್ಲಿ ಗುಂಡುಸೂಜಿ. ಜೋಡಿ ಜೋಡಿ ಕಡ್ಡಿಗಳನ್ನು ಒಂದರ ಮೇಲೊಂದು ದಾಟಿಸುವುದು, ತಿರುಚುವುದು, ಇವೆರಡೇ ಚಲನೆ. ಅಗಲ ಪಟ್ಟಿಯಾದರೆ ನೂರಾರು ಕಡ್ಡಿ!

ಕಡ್ಡಿಯ ತುದಿಗೆ ತಂತಿಯಲ್ಲಿ ಪೋಣಿಸಿದ ಗಾಜಿನ ಮಣಿಗಳ ಬಳೆ. ಬರೀ ಚೆಂದಕ್ಕಲ್ಲ, ಅದರ ಭಾರಕ್ಕೆ ಎಳೆ ಬಿಗಿಯಾಗುತ್ತದೆ, ಕಡ್ಡಿ ಉರುಳುವುದಿಲ್ಲ. ಡೆವನ್ ಸೀಮೆಯ ಹೊನಿಟನ್ ಲೇಸಿನ ಬಾಬಿನ್ನಿಗೆ ಮಣಿಯಿಲ್ಲ, ಅದು ಸಣ್ಣ ಕುಣಿಕೆಯೊಳಗೆ ನುಸುಳಬೇಕಲ್ಲ. ಮರದಲ್ಲಿ ತವರದ ಮಿಶ್ರಲೋಹದ ಚುಕ್ಕೆ ಕೂರಿಸಿದರೆ ‘ಚಿರತೆ’, ಪಟ್ಟೆ ಸುತ್ತಿದರೆ ‘ಹುಲಿ’. ಒಡಲು ಕೊರೆದು ಒಳಗೊಂದು ಪುಟಾಣಿ ಬಾಬಿನ್ ಇಟ್ಟರೆ ‘ತಾಯಿ-ಮಗು’.

ಕೆಲವದರ ಮೇಲೆ ಅಕ್ಷರಗಳಿವೆ. ಚುಕ್ಕೆ ಚುಕ್ಕೆಯಾಗಿ ಕೊರೆದು ಕೆಂಪು, ನೀಲಿ ತುಂಬಿ ಬರೆದ ಹೆಸರು, ಇಸವಿ. ‘ಬೇಗ ಮುತ್ತು ಕೊಡು’ ಅಂತಲೂ ಇದೆ, ನಗಬೇಡಿ! ಹೆಂಡತಿಯನ್ನು ಕೊಂದ ಜೋಸೆಫ್ ಕ್ಯಾಸಲ್‌ನನ್ನು 1860ರಲ್ಲಿ ಬೆಡ್‌ಫರ್ಡಿನಲ್ಲಿ ಗಲ್ಲಿಗೇರಿಸಿದ್ದನ್ನೂ ಬಾಬಿನ್ ಮೇಲೆ ಬರೆಸಿದ್ದಾರೆ.

ನಾನು ಕಾಮರ್ಸಿನವನು, ಲೆಕ್ಕದ ಕಡೆಯಿಂದ ನೋಡುತ್ತೇನೆ. ನೂಲು ಬರುತ್ತಿದ್ದುದು ವ್ಯಾಪಾರಿಯಿಂದ, ಸಿದ್ಧವಾದ ಲೇಸ್ ಹೋಗುತ್ತಿದ್ದುದೂ ಅವನಿಗೇ. ಕೂಲಿಯ ಬದಲು ಅಂಗಡಿ ಸಾಮಾನು ಕೊಟ್ಟು ಕಳಿಸಿದವರೂ ಇದ್ದರು. ಐದಾರು ವರ್ಷದ ಮಕ್ಕಳನ್ನೂ ಲೇಸ್ ಶಾಲೆಯಲ್ಲಿ ಈ ಕೆಲಸಕ್ಕೆ ಕೂರಿಸುತ್ತಿದ್ದರು. ಇಷ್ಟೆಲ್ಲಾ ಆಗಿ, ಲೇಸಿನಲ್ಲಿ ಹೆಣೆದವಳ ಹೆಸರಿರುತ್ತಿರಲಿಲ್ಲ. ಆಸ್ತಿ ಅಂತ ಅವಳ ಖಾತೆಯಲ್ಲಿ ಬರೆಯುವುದಾದರೆ ದಿಂಬು, ಬಾಬಿನ್ನು, ಇಷ್ಟೇ. ಅಂಥವಳು ಕಾಸು ಕೊಟ್ಟು ಕಡ್ಡಿಯ ಮೇಲೆ ಹೆಸರು ಕೊರೆಸಿದರೆ ಅದನ್ನು ದುಂದುವೆಚ್ಚ ಅನ್ನಲು ನನಗಂತೂ ಮನಸ್ಸಿಲ್ಲ.

1809ರಲ್ಲಿ ಜಾನ್ ಹೀತ್‌ಕೋಟ್ ಎಂಬಾತ ಲೇಸಿನ ಬಲೆ ಹೆಣೆಯುವ ಯಂತ್ರಕ್ಕೆ ಪೇಟೆಂಟ್ ಪಡೆದ. ಯಂತ್ರಗಳು ಸುಧಾರಿಸಿದಂತೆಲ್ಲ ಕೈಲೇಸಿನ ಬೆಲೆ ಬಿತ್ತು. ಅವನ ಯಂತ್ರಕ್ಕೂ ಬಾಬಿನ್ ಬೇಕಿತ್ತು: ಹಿತ್ತಾಳೆಯ ತೆಳು ಬಿಲ್ಲೆಗಳು, ಎಲ್ಲವೂ ಒಂದೇ ಅಳತೆ.